ವ್ಯಸನಮುಕ್ತಿ ಕೇಂದ್ರಕ್ಕೆ ಹೊರಡುವ ಮುನ್ನ

ಕೇಳುಗರೇ, ನಮಸ್ಕಾರ.

ವ್ಯಸನಮುಕ್ತಿ ಕೇಂದ್ರದಲ್ಲಿ ಉಳಿದು ಚಿಕಿತ್ಸೆ ಪಡೆಯಲು ನೀವು ಮನಸ್ಸು ಮಾಡಿದ್ದೀರಿ, ಇಲ್ಲವೇ ನಿಮ್ಮ ಮನೆಯವರೊಬ್ಬರು ಒಪ್ಪಿದ್ದಾರೆ. ಸೇರಲು ಇನ್ನೂ ನಾಲ್ಕೈದು ದಿನ ಇದೆ. ಆ ನಾಲ್ಕೈದು ದಿನಗಳದ್ದೇ ಇವತ್ತಿನ ಮಾತು. ಬಟ್ಟೆಬರೆ ಜೋಡಿಸುವುದು ಅರ್ಧ ಗಂಟೆಯ ಕೆಲಸ. ಎಡವಟ್ಟಾಗುವುದು ಬೇರೆ ಕಡೆ.

"ಹೇಗೂ ಸೇರುತ್ತೇನಲ್ಲ, ಇವತ್ತೇ ಬಿಟ್ಟುಬಿಡುತ್ತೇನೆ" ಅನ್ನುವ ಹುಮ್ಮಸ್ಸು ಬರುತ್ತದೆ. ಮನೆಯವರಿಗೂ ಖುಷಿ, ಇದ್ದಬದ್ದ ಬಾಟಲಿಯನ್ನೆಲ್ಲ ಚೆಲ್ಲಿಬಿಡುತ್ತಾರೆ. ದಿನಾ ಹೆಚ್ಚು ಕುಡಿಯುವವರಿಗೆ ಇದು ಅಪಾಯ. ಮದ್ಯ ಮಿದುಳನ್ನು ಸದಾ ಮಂಕು ಮಾಡುತ್ತಿರುವುದರಿಂದ, ಅದಕ್ಕೆ ಎದುರಾಗಿ ಮಿದುಳು ತನ್ನ ಚುರುಕನ್ನು ಏರಿಸಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ಚುರುಕಿಗೆ ಲಗಾಮು ಇರುವುದಿಲ್ಲ. ಕೊನೆಯ ಸಲ ಕುಡಿದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ದಿಕ್ಕು ತಪ್ಪಿದಂತಾಗುತ್ತದೆ, ಇಲ್ಲದ್ದು ಕಾಣುತ್ತದೆ, ಜ್ವರ ಏರುತ್ತದೆ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಇದರಲ್ಲಿ ಪ್ರಾಣವೇ ಹೋಗಬಹುದು. ಡಯಾಜೆಪಾಮ್, ಆಲ್‌ಪ್ರಜೋಲಾಮ್‌ನಂಥ, ನಿದ್ದೆಗೆ, ಆತಂಕಕ್ಕೆ ಕೊಡುವ ಮಾತ್ರೆಗಳನ್ನು ಬಹಳ ದಿನ ನುಂಗಿ ಥಟ್ಟನೆ ನಿಲ್ಲಿಸಿದರೂ ಫಿಟ್ಸ್ ಬರಬಹುದು. ಹಾಗಾಗಿ ಸೇರುವ ತನಕ ಎಷ್ಟು, ಹೇಗೆ ತಗ್ಗಿಸಬೇಕು ಎಂಬುದನ್ನು ವೈದ್ಯರೇ ಹೇಳಲಿ. ನಡುವೆ ಫಿಟ್ಸ್ ಬಂದರೆ, ಮಾತು ಅಸಂಬದ್ಧವಾದರೆ ಸೇರುವ ದಿನಕ್ಕೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಇನ್ನೊಂದು ತುದಿಯಲ್ಲಿ "ಕೊನೇ ಸಲ" ಅನ್ನುವ ಪಾರ್ಟಿ ಇದೆ. ಹೆರಾಯಿನ್‌ನಂಥ ಅಫೀಮು ಜಾತಿಯ ಮಾದಕದ ಜೊತೆ ಮದ್ಯವೋ ನಿದ್ದೆ ಮಾತ್ರೆಯೋ ಸೇರಿದರೆ ಉಸಿರೇ ನಿಲ್ಲಬಹುದು. ಅಷ್ಟಕ್ಕೆ ಹೋಗದಿದ್ದರೂ, ಮೈಮೇಲೆ ಪ್ರಜ್ಞೆ ಇಲ್ಲದವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಲಾಗದು, ಸೇರ್ಪಡೆ ಮುಂದಕ್ಕೆ ಹೋಗುತ್ತದೆ.

ಚೀಲಕ್ಕಿಂತ ಮುಖ್ಯವಾದದ್ದು ಒಂದು ಹಾಳೆ. ತಲೆ ತಿಳಿಯಾಗಿದ್ದಾಗ, ಬೆಳಗ್ಗೆ, ಇದನ್ನು ಬರೆಯಿರಿ. ಏನು ಸೇವಿಸುತ್ತೀರಿ, ಎಷ್ಟು, ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷದಿಂದ. "ಮೂರು ಪೆಗ್" ಅಂದರೆ ಯಾರಿಗೂ ಏನೂ ತಿಳಿಯದು, ಒಬ್ಬೊಬ್ಬರ ಪೆಗ್ ಒಂದೊಂದು ಅಳತೆ. ಎಷ್ಟು ಎಂ.ಎಲ್., ಬಾಟಲಿಯ ಮೇಲೆ ಮದ್ಯಸಾರ ಶೇಕಡ ಎಷ್ಟು ಅಂತ ಇದೆ, ಅದನ್ನು ಬರೆಯಿರಿ. ಮೊದಲು ಬಿಟ್ಟಾಗ ಫಿಟ್ಸ್ ಬಂದಿತ್ತೇ? ಇದನ್ನು ಹಾಳೆಯ ಮೇಲುಗಡೆಯೇ ಬರೆದು ಕೆಳಗೆ ಗೆರೆ ಎಳೆಯಿರಿ. ಆಮೇಲೆ ದಿನನಿತ್ಯದ ಮಾತ್ರೆಗಳ ಹೆಸರು, ಮಿಲಿಗ್ರಾಂ, ಹೊತ್ತು. ಯಾವ ಔಷಧಿ ಆಗಿಬರುವುದಿಲ್ಲ ಎಂಬುದೂ ಇರಲಿ. ಕೊನೆಯ ಸಾಲನ್ನು ಖಾಲಿ ಬಿಡಿ, ಹೊರಡುವ ಮುಂಚೆ ತುಂಬಿಸಿ: ಕೊನೆಯ ಸಲ ಏನು, ಎಷ್ಟು, ಎಷ್ಟು ಗಂಟೆಗೆ.

ಈ ಸಾಲಿನಲ್ಲಿ ನಾಚಿಕೆಗೆ ಸುಳ್ಳು ಬರೆಯುವವರೇ ಬಹಳ. ಕಡಿಮೆ ಬರೆದರೆ ಫಿಟ್ಸ್ ತಡೆಯುವ ಔಷಧಿಯೂ ಕಡಿಮೆಯಾದೀತು. ಅಫೀಮು ಜಾತಿಯ ಮಾದಕ ಬಿಡುವವರಿಗೆ, ಬಿಟ್ಟಾಗಿನ ಹಿಂಸೆ ತಗ್ಗಿಸಲು ಬ್ಯುಪ್ರೆನಾರ್ಫಿನ್ ಎಂಬ ಔಷಧಿ ಕೊಡುವುದಿದೆ. ಹಳೆಯದು ಮೈಯಲ್ಲಿ ಇನ್ನೂ ಇರುವಾಗಲೇ ಕೊಟ್ಟರೆ, ಅದು ಹಳೆಯದನ್ನು ತಟ್ಟನೆ ತಳ್ಳಿಹಾಕಿ ಭಾರೀ ಹಿಂಸೆ ಹುಟ್ಟಿಸುತ್ತದೆ. ಯಾವಾಗ ಶುರು ಮಾಡಬೇಕೆಂದು ವೈದ್ಯರು ಲೆಕ್ಕ ಹಾಕುವುದು ನೀವು ಹೇಳುವ ಆ ಗಂಟೆಯ ಮೇಲೂ.

ಕೇಂದ್ರಕ್ಕೆ ಫೋನ್ ಮಾಡಿದಾಗ ರಾತ್ರಿ ಹೊತ್ತು ನರ್ಸ್ ಇರುತ್ತಾರೆಯೇ, ಕರೆದರೆ ವೈದ್ಯರು ಬರುತ್ತಾರೆಯೇ ಎಂದು ಕೇಳಿ. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆ ಯಾರ ಕೈಯಲ್ಲಿರುತ್ತವೆ? ಮನೆಯವರು ಯಾವಾಗ ಮಾತಾಡಬಹುದು? ಮಧ್ಯದಲ್ಲಿ ಬಿಟ್ಟು ಹೋಗುತ್ತೇನೆಂದರೆ ಏನು ಮಾಡುತ್ತೀರಿ? "ಹೊಡೆದು ಸರಿ ಮಾಡುತ್ತೇವೆ", "ಕಟ್ಟಿಹಾಕುತ್ತೇವೆ" ಅನ್ನುವ ಜಾಗಕ್ಕೆ ಕಾಲಿಡಬೇಡಿ. ಅದು ಚಿಕಿತ್ಸೆಯಲ್ಲ.

ಇನ್ನು ಚೀಲ. ಒಂದು ವಾರಕ್ಕಾಗುವ ಸಡಿಲ ಬಟ್ಟೆ, ಚಪ್ಪಲಿ, ಕನ್ನಡಕ. ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಮೂಲ ಸ್ಟ್ರಿಪ್‌ನಲ್ಲೇ, ಚೀಟಿಯ ಸಮೇತ ಒಯ್ಯಿರಿ. ಬಿಡಿ ಮಾತ್ರೆಗಳನ್ನು ತೆಗೆದಿಟ್ಟುಬಿಡುತ್ತಾರೆ. ಮದ್ಯಸಾರವಿರುವ ಮೌತ್‌ವಾಶ್, ಸ್ಯಾನಿಟೈಜರ್, ಸೆಂಟು ಬೇಡ. ಅವನ್ನು ಕುಡಿದವರಿದ್ದಾರೆ ಎಂಬುದೊಂದು ಕಾರಣ, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುವವರಿಗೆ ಅವುಗಳಿಂದಲೇ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಬಹುದು ಎಂಬುದು ಇನ್ನೊಂದು. ಎಷ್ಟೋ ಕಡೆ ಮೊಬೈಲ್ ತೆಗೆದಿಡುತ್ತಾರೆ, ಆಗ ಹೆಂಡತಿಯ ನಂಬರೂ ನೆನಪಿಗೆ ಬರುವುದಿಲ್ಲ. ನಾಲ್ಕಾರು ನಂಬರ್ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಮನೆಯ ಲೆಕ್ಕಗಳೂ ಮೊದಲೇ ಮುಗಿಯಲಿ. ಮೂರನೇ ದಿನ ಹೊತ್ತಿಗೆ ನಿದ್ದೆಯಿಲ್ಲದೆ ಮೈ ಒದ್ದಾಡುವಾಗ ಮನಸ್ಸು ಹೊರಗೆ ಓಡಲು ನೆಪ ಹುಡುಕುತ್ತದೆ. ಕಟ್ಟದ ಕಂತು, ಹೇಳದ ರಜೆ, ಮಗುವಿನ ಶಾಲೆ, ಯಾವುದಾದರೂ ಸಾಕು. ಕಂತು, ಬಾಡಿಗೆ ಯಾರು ಕಟ್ಟುತ್ತಾರೆ ಎಂದು ಹೆಸರು ಬರೆದಿಡಿ. ರಜೆ ಅರ್ಜಿಗೆ "ವೈದ್ಯಕೀಯ ಚಿಕಿತ್ಸೆ" ಅಂದರೆ ಸಾಮಾನ್ಯವಾಗಿ ಸಾಕು. ಮಕ್ಕಳಿಗೆ ಊರಿಗೆ ಹೋಗಿದ್ದಾರೆ ಅಂತ ಕಥೆ ಕಟ್ಟಬೇಡಿ: "ಅಪ್ಪನಿಗೆ ಹುಷಾರಿಲ್ಲ, ವಾಸಿಮಾಡಿಕೊಳ್ಳಲು ಹೋಗಿದ್ದಾರೆ, ಇದು ನಿನ್ನಿಂದ ಆದದ್ದಲ್ಲ" ಎಂದರೆ ಅವಕ್ಕೆ ಅರ್ಥವಾಗುತ್ತದೆ. ಮನೆಗೆ ಕರೆದೊಯ್ಯಿರಿ ಎಂದು ಕೇಂದ್ರ ಸೇರಿದವರು ಅತ್ತು ಫೋನ್ ಮಾಡಿದಾಗ ಏನು ಹೇಳಬೇಕು ಎಂಬುದನ್ನೂ ಮನೆಯವರೆಲ್ಲ ಕೂತು ಒಂದೇ ಮಾತಿಗೆ ಬನ್ನಿ. ಒಬ್ಬರು ಬೇಡ ಎಂದು, ಇನ್ನೊಬ್ಬರು ಗಾಡಿ ಕಳಿಸಿದರೆ ಅಲ್ಲಿಗೆ ಮುಗಿಯಿತು. ಹೊರಡುವ ದಿನ ಸೇರುವವರೇ ಗಾಡಿ ಓಡಿಸುವುದು ಬೇಡ, ಜೊತೆಗೊಬ್ಬರು ಇರಲಿ.

ಬಿಡುಗಡೆಯ ನಂತರದ ಮೊದಲ ವೈದ್ಯರ ಭೇಟಿಗೆ ಸೇರುವಾಗಲೇ ದಿನ ಕೇಳಿ. ಕೆಲವು ವಾರ ಬಿಟ್ಟ ಮೈಗೆ ಅಫೀಮು ಜಾತಿಯ ಮಾದಕವನ್ನು ತಾಳಿಕೊಳ್ಳುವ ಶಕ್ತಿ ಕುಗ್ಗಿರುತ್ತದೆ. ಹಳೆಯ ಅಳತೆಯನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಂತೀತು. ಅದನ್ನು ಬಿಡುತ್ತಿರುವವರ ಮನೆಯವರು ಹಾಗೆ ಉಸಿರು ಕುಗ್ಗಿದಾಗ ಮಾದಕದ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಔಷಧಿಯ ಬಗ್ಗೆ, ಅದನ್ನು ಬಳಸುವ ಬಗೆಯನ್ನು ವೈದ್ಯರಿಂದ ಮೊದಲೇ ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಉಳಿದ ಬಾಟಲಿ, ಮಾತ್ರೆಗಳನ್ನು ಅವರು ವಾಪಸು ಬರುವ ಮೊದಲೇ ತೆಗೆದುಹಾಕಿ.