ಆವರ್ತ ಕೋಷ್ಟಕವನ್ನು ಹತ್ತನೇ ತರಗತಿಗೆ ಮರಳಿ ಕೊಡಿ

ನಮಸ್ಕಾರ. 2022ರಲ್ಲಿ ಪಠ್ಯದ ಹೊರೆ ಇಳಿಸುವ ಸಲುವಾಗಿ ಎನ್‌ಸಿಇಆರ್‌ಟಿಯು ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಧಾತುಗಳ ಆವರ್ತನೀಯ ವರ್ಗೀಕರಣದ, ಅಂದರೆ ಆವರ್ತ ಕೋಷ್ಟಕದ ಅಧ್ಯಾಯವನ್ನು ಕೈಬಿಟ್ಟಿತು. ಹನ್ನೊಂದನೇ ತರಗತಿಯಲ್ಲಿ ಅದು ಇದೆಯಲ್ಲ ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಹತ್ತರ ನಂತರ ವಾಣಿಜ್ಯವನ್ನೋ ಕಲೆಯನ್ನೋ ಆರಿಸಿಕೊಳ್ಳುವ ಮಕ್ಕಳಿಗೆ ರಸಾಯನಶಾಸ್ತ್ರದ ಬಾಗಿಲು ಅಲ್ಲಿಗೇ ಮುಚ್ಚಿಹೋಗುತ್ತದೆ. ಆ ಅಧ್ಯಾಯ ಹೋದುದರಿಂದ ಮಕ್ಕಳ ಹೊರೆ ಇಳಿಯುವ ಬದಲು ಹೆಚ್ಚಿದೆ ಎಂಬುದು ನನ್ನ ದೃಢ ಅಭಿಪ್ರಾಯ.

ಒಂಬತ್ತನೇ ತರಗತಿಯಲ್ಲಿ ಹೈಡ್ರೋಜನ್‌ನಿಂದ ಆರ್ಗಾನ್‌ವರೆಗಿನ ಹದಿನೆಂಟು ಧಾತುಗಳ ಎಲೆಕ್ಟ್ರಾನ್ ಹಂಚಿಕೆಯೂ ವೇಲೆನ್ಸಿಯೂ (ಬೇರೆ ಪರಮಾಣುಗಳೊಡನೆ ಕೂಡುವ ಸಾಮರ್ಥ್ಯದ ಸಂಖ್ಯೆ) ಒಂದು ಉದ್ದನೆಯ ಪಟ್ಟಿಯಾಗಿ ಬರುತ್ತವೆ. ಸೋಡಿಯಂ 2, 8, 1, ಅಂದರೆ ಒಳಗಿನಿಂದ ಹೊರಕ್ಕೆ ಒಂದೊಂದು ಕವಚದಲ್ಲಿರುವ ಎಲೆಕ್ಟ್ರಾನ್‌ಗಳು. ಮೆಗ್ನೀಷಿಯಂ 2, 8, 2. ಕ್ಲೋರಿನ್ 2, 8, 7. ಮಕ್ಕಳು ಇದನ್ನು ಮಗ್ಗಿಯಂತೆ ಉರುಹೊಡೆಯುತ್ತಾರೆ. ಇವೇ ಹದಿನೆಂಟನ್ನು ಆವರ್ತ ಕೋಷ್ಟಕದ ಮನೆಗಳಲ್ಲಿ ಕೂರಿಸಿದರೆ ಉರುಹೊಡೆಯುವ ಅಗತ್ಯವೇ ಬೀಳುವುದಿಲ್ಲ. ಲಿಥಿಯಂನ ಕೆಳಗೆ ಸೋಡಿಯಂ, ಅದರ ಕೆಳಗೆ ಪಟ್ಟಿಯಿಂದಾಚೆಯ ಹತ್ತೊಂಬತ್ತನೆಯ ಧಾತು ಪೊಟ್ಯಾಸಿಯಂ. ಮೂರರ ಹೊರಕವಚದಲ್ಲೂ ಒಂದೇ ಎಲೆಕ್ಟ್ರಾನ್. ಬೇರೆ ಪರಮಾಣುವಿನೊಡನೆ ಬಂಧ ಏರ್ಪಡಿಸಿಕೊಳ್ಳುವುದು ಈ ಹೊರಗಿನ ಎಲೆಕ್ಟ್ರಾನ್‌ಗಳೇ, ಅವನ್ನೇ ವೇಲೆನ್ಸ್ ಎಲೆಕ್ಟ್ರಾನ್‌ಗಳು ಎನ್ನುತ್ತೇವೆ. ಕೋಷ್ಟಕದ ಲಂಬ ಸಾಲುಗಳಿಗೆ ಗುಂಪುಗಳೆಂದು ಹೆಸರು; ಒಂದು ಮತ್ತು ಎರಡನೇ ಗುಂಪಿನಲ್ಲಿ ಗುಂಪಿನ ಸಂಖ್ಯೆಯೇ ಅವುಗಳ ಸಂಖ್ಯೆ. ಹದಿಮೂರರಿಂದ ಹದಿನೆಂಟರವರೆಗೆ ಗುಂಪಿನ ಸಂಖ್ಯೆಯಿಂದ ಹತ್ತು ಕಳೆದರೆ ಸಾಕು. ಹದಿನೆಂಟನೇ ಗುಂಪಿನ ತಲೆಯಲ್ಲಿರುವ ಹೀಲಿಯಂ ಮಾತ್ರ ಎರಡೇ ಎಲೆಕ್ಟ್ರಾನ್‌ಗಳಿಂದ ತನ್ನ ಕವಚವನ್ನು ತುಂಬಿಕೊಂಡಿರುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮ ನೆರೆಮನೆಯ ಹುಡುಗಿಯ ಮುಂದೆ ಈ ಕೋಷ್ಟಕವನ್ನು ಹರಡಿ, ಅವಳು ಹೆಸರನ್ನೇ ಕೇಳಿರದ ಸ್ಟ್ರಾನ್ಷಿಯಂನ ಕ್ಲೋರೈಡಿಗೆ ಅಣುಸೂತ್ರ ಬರೆಯಲು ಹೇಳಿದೆ. ಅವಳ ಬೆರಳು ಸ್ಟ್ರಾನ್ಷಿಯಂನಿಂದ ಮೇಲಕ್ಕೆ ಸರಿದು ಕ್ಯಾಲ್ಸಿಯಂ ಮೇಲೆ ನಿಂತಿತು. “ಇದು ಎರಡನೇ ಗುಂಪು, ಹಾಗಾದರೆ ಎರಡು ಕ್ಲೋರಿನ್ ಬೇಕು” ಎಂದಳು. ಉತ್ತರ ಸರಿಯಾಗಿತ್ತು. ಆ ಮೇಲೆ ಅದೇ ಬೆರಳನ್ನು ಕಬ್ಬಿಣದ ಮೇಲಿಟ್ಟು “ಇದು ಎಂಟನೇ ಗುಂಪು, ಎಂಟು ಬರೆಯಲೇ?” ಎಂದು ಕೇಳಿದಳು. ನಡುವಿನ ಸಂಕ್ರಮಣ ಧಾತುಗಳಲ್ಲಿ ಒಳಕವಚದ ಎಲೆಕ್ಟ್ರಾನ್‌ಗಳೂ ಬಂಧದಲ್ಲಿ ಪಾಲ್ಗೊಳ್ಳುವುದರಿಂದ ಈ ಸರಳ ಲೆಕ್ಕ ಅಲ್ಲಿ ನಡೆಯದೆಂದೂ, ಸಂಡೂರಿನ ಹೆಮಟೈಟ್ ಅದಿರಿನಲ್ಲಿ ಕಬ್ಬಿಣದ ವೇಲೆನ್ಸಿ ಮೂರಾದರೆ ಫೆರಸ್ ಸಲ್ಫೇಟಿನಲ್ಲಿ ಎರಡೆಂದೂ ವಿವರಿಸಿದೆ. ಉರುಹೊಡೆದ ಪಟ್ಟಿಯಿಂದ ಇಂತಹ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ನನಗೆ ಇಂದಿಗೂ ಅತ್ಯಂತ ವಿಸ್ಮಯದ ಸಂಗತಿಯೆಂದರೆ, ಈ ಕೋಷ್ಟಕವನ್ನು ರಚಿಸಿದ ಕಾಲಕ್ಕೆ ಎಲೆಕ್ಟ್ರಾನ್ ಎಂಬುದೊಂದಿದೆ ಎಂದು ಯಾರಿಗೂ ತಿಳಿದಿರಲಿಲ್ಲ. ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡಲೀವ್ ತಮ್ಮ ಕೋಷ್ಟಕವನ್ನು ಪ್ರಕಟಿಸಿದ್ದು 1869ರಲ್ಲಿ, ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದದ್ದು 1897ರಲ್ಲಿ. ಧಾತುಗಳು ಆಕ್ಸಿಜನ್ ಮತ್ತು ಹೈಡ್ರೋಜನ್‌ಗಳೊಡನೆ ಯಾವ ಪ್ರಮಾಣದಲ್ಲಿ ಕೂಡುತ್ತವೆ ಎಂಬುದನ್ನು ಮುಖ್ಯವಾಗಿ ಗಮನಿಸುತ್ತ ಹೋದ ಮೆಂಡಲೀವರು, ತಮಗೆ ಅರಿವಿಲ್ಲದೆಯೇ ಹೊರಕವಚದ ಎಲೆಕ್ಟ್ರಾನ್‌ಗಳನ್ನು ಎಣಿಸುತ್ತಿದ್ದರು. ಅಲ್ಯೂಮಿನಿಯಂನ ಕೆಳಗೆ ಖಾಲಿ ಬಿಟ್ಟ ಮನೆಗೆ ಏಕ-ಅಲ್ಯೂಮಿನಿಯಂ ಎಂಬ ಸಂಸ್ಕೃತದ ಉಪಸರ್ಗ ಹೊತ್ತ ಹೆಸರಿಟ್ಟು, ಅದರ ಆಕ್ಸೈಡಿನಲ್ಲಿ ಎರಡು ಲೋಹದ ಪರಮಾಣುಗಳಿಗೆ ಮೂರು ಆಕ್ಸಿಜನ್ ಇರುವುದೆಂದೂ, ಲೋಹದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 5.9 ಗ್ರಾಂ ಇರುವುದೆಂದೂ ಬರೆದರು. 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್ ಆ ಧಾತುವನ್ನು ಕಂಡುಹಿಡಿದು ಗ್ಯಾಲಿಯಂ ಎಂದು ಕರೆದರು. ಅವರು ಮೊದಲು ಅಳೆದ ಸಾಂದ್ರತೆ 4.7 ಆಗಿತ್ತು. ಲೋಹವನ್ನು ಇನ್ನಷ್ಟು ಶುದ್ಧಗೊಳಿಸಿ ನೋಡಿ ಎಂದು ಮೆಂಡಲೀವರು ಸೂಚಿಸಿದರು. ಮತ್ತೆ ಅಳೆದಾಗ 5.9 ಬಂದಿತು. ಆ ಲೋಹವನ್ನು ಕಣ್ಣಾರೆ ಕಾಣದವರ ಲೆಕ್ಕ, ಅದನ್ನು ಕೈಯಲ್ಲಿ ಹಿಡಿದಿದ್ದವರ ಅಳತೆಯನ್ನು ತಿದ್ದಿತು.

ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗೆ, ಅಂಗೈಯ ಬಿಸಿಗೇ ಕರಗುವ ಆ ಗ್ಯಾಲಿಯಂ ಇಂದು ನಮ್ಮ ಮನೆಯ ಎಲ್‌ಇಡಿ ಬಲ್ಬಿನಲ್ಲಿದೆ. ಹದಿಮೂರನೇ ಗುಂಪಿನ ಗ್ಯಾಲಿಯಂನ ಮೂರು ಎಲೆಕ್ಟ್ರಾನ್, ಹದಿನೈದನೇ ಗುಂಪಿನ ನೈಟ್ರೋಜನ್‌ನ ಐದು, ಒಟ್ಟು ಎಂಟು. ಇವೆರಡೂ ಕೂಡಿದ ಗ್ಯಾಲಿಯಂ ನೈಟ್ರೈಡಿನಿಂದಲೇ ಪ್ರಖರವಾದ ನೀಲಿ ಎಲ್‌ಇಡಿ ಸಾಧ್ಯವಾಯಿತು. ಆ ಸಾಧನೆಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಂದಿತು. ಮೊಬೈಲ್ ಚಿಪ್ಪಿನ ಸಿಲಿಕಾನ್‌ನದೂ ಇದೇ ಕಥೆ. ಅದರ ಹೊರಕವಚದಲ್ಲಿ ನಾಲ್ಕು ಎಲೆಕ್ಟ್ರಾನ್‌ಗಳಿವೆ. ಐದಿರುವ ರಂಜಕವನ್ನು ಒಂದಿಷ್ಟು ಬೆರೆಸಿದರೆ ಒಂದು ಎಲೆಕ್ಟ್ರಾನ್ ಹೆಚ್ಚುಳಿಯುತ್ತದೆ, ಮೂರಿರುವ ಬೋರಾನ್ ಬೆರೆಸಿದರೆ ಒಂದು ಕೊರತೆಯಾಗುತ್ತದೆ. ಈ ಹೆಚ್ಚು ಕಡಿಮೆಯ ಮೇಲೆಯೇ ಟ್ರಾನ್ಸಿಸ್ಟರ್ ನಿಂತಿದೆ.

ಕೈಬಿಟ್ಟ ಅಧ್ಯಾಯದಲ್ಲಿ ಡೋಬರೈನರರ ತ್ರಿವಳಿಗಳು, ನ್ಯೂಲ್ಯಾಂಡ್ಸರ ಅಷ್ಟಕ ಮುಂತಾಗಿ ಹಳೆಯ ಪ್ರಯತ್ನಗಳ ವಿವರಗಳು ಸಾಕಷ್ಟಿದ್ದವು ಎಂಬುದು ನಿಜ. ಅವನ್ನು ಒಂದು ಪ್ಯಾರಾಕ್ಕೆ ಇಳಿಸಿದರೂ ನನ್ನ ತಕರಾರಿಲ್ಲ. ಆದರೆ ಕೋಷ್ಟಕ ಬೇಕು, ಅದನ್ನು ಓದುವ ಅಭ್ಯಾಸವೂ ಬೇಕು. ಅಲ್ಲಿಯವರೆಗೆ ಕನಿಷ್ಠಪಕ್ಷ ಒಂಬತ್ತನೇ ತರಗತಿಯ ಆ ಹದಿನೆಂಟು ಧಾತುಗಳನ್ನು ಒಂದರ ಕೆಳಗೊಂದು ಪಟ್ಟಿ ಮಾಡದೆ, ಲಿಥಿಯಂನ ಕೆಳಗೆ ಸೋಡಿಯಂ, ಫ್ಲೋರಿನ್‌ನ ಕೆಳಗೆ ಕ್ಲೋರಿನ್ ಬರುವಂತೆ ಮೂರು ಸಾಲುಗಳಲ್ಲಿ ಅಚ್ಚು ಹಾಕಲಿ. ಅದಕ್ಕೆ ಅರ್ಧ ಪುಟ ಸಾಕು.