ಶೆಟ್ರೇ ಅಂದ್ರೆ ಯಾವ ಶೆಟ್ರು?

ನಮಸ್ಕಾರ. ಮಾಟುಂಗಾದ ಒಂದು ಹಾಲ್‌ನಲ್ಲಿ ಕನ್ನಡ ಕಾರ್ಯಕ್ರಮ, ನಿರೂಪಣೆ ನಂದು. ಡೊಂಬಿವಲಿಯಿಂದ ಸ್ಲೋ ಲೋಕಲ್‌ನಲ್ಲಿ ನಿಂತ್ಕೊಂಡೇ ಬಂದಿದ್ದೆ, ಹೆಸರು ಬರ್ಕೊಂಡಿದ್ದ ಚೀಟಿ ಆ ನೂಕುನುಗ್ಗಲಲ್ಲಿ ಎಲ್ಲೋ ಬಿದ್ದೋಗಿತ್ತು, ಆದ್ರೂ ಧೈರ್ಯವಾಗಿ ಮೈಕ್ ಹಿಡ್ದು 'ಶೆಟ್ರು ದಯವಿಟ್ಟು ವೇದಿಕೆಗೆ ಬರಬೇಕು' ಅಂದೆ. ಮುಂದಿನ ಸಾಲಲ್ಲಿ ನಾಲ್ಕು ಜನ ಎದ್ರು. ಅದ್ರಲ್ಲಿ ಒಬ್ರು ಮೆಟ್ಟಿಲು ಹತ್ತೇಬಿಟ್ರು, ಅವ್ರು ಅತಿಥಿ ಅಲ್ಲ, ಊಟದ ವ್ಯವಸ್ಥೆ ನೋಡ್ಕೊಳ್ತಿದ್ದವರು. ಹತ್ತಿದವರನ್ನ ಇಳೀರಿ ಅನ್ನೋಕಾಗುತ್ತಾ? ಒಂದು ಕುರ್ಚಿ ಜಾಸ್ತಿ ಹಾಕಿಸಿದ್ವಿ.

ಮುಂಬೈಯಲ್ಲಿ ಸರ್‌ನೇಮ್ ಮೇಲೇ ಕರೆಯೋದು ರೂಢಿ. ಮರಾಠಿಯವರದು ಮೊದಲು ಸ್ವಂತ ಹೆಸರು, ಆಮೇಲೆ ಅಪ್ಪನ ಹೆಸರು, ಕೊನೆಗೆ ಆಡ್ನಾವ್ ಅಂದ್ರೆ ಸರ್‌ನೇಮ್, ಸಚಿನ್ ರಮೇಶ್ ತೆಂಡೂಲ್ಕರ್ ಇದ್ದ ಹಾಗೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮೇ ಇಲ್ಲ, ಬರೀ ಇನಿಶಿಯಲ್. ನನ್ನ ಇನಿಶಿಯಲ್‌ನಲ್ಲಿದ್ದ ಊರನ್ನ ಯಾರೋ ಫಾರ್ಮಲ್ಲಿ ಕೊನೆಗೆ ತಳ್ಳಿದ್ರು, ಅವತ್ತಿಂದ ಆಫೀಸಲ್ಲಿ ನಾನು ಹೊಸಕೋಟೆ ಮ್ಯಾಡಮ್. ಆದ್ರೆ ನಮ್ಮ ಕನ್ನಡದ ವೇದಿಕೆಯಲ್ಲಿ ಶೆಟ್ಟಿ, ಪೂಜಾರಿ, ರಾವ್ ಅಂದ್ರೆ ಅರ್ಧ ಸಭೆ ತಿರುಗಿ ನೋಡುತ್ತೆ, ಅದಕ್ಕೇ ಪೂರ್ತಿ ಹೆಸರು ಹೇಳ್ಬೇಕು.

ಇನ್ನು ಮರಾಠಿ ಅತಿಥಿಗಳು ಬಂದಾಗ. ಒಂದ್ಸಲ ನಗರಸೇವಕಿ, ಅಂದ್ರೆ ಕಾರ್ಪೊರೇಟರ್, ಬಂದಿದ್ರು, ಅವರ ಕಾರ್ಯಕರ್ತರು ಅವರನ್ನ 'ತಾಈ, ತಾಈ' ಅಂತಿದ್ರು, ಅಂದ್ರೆ ಅಕ್ಕ. ನಮ್ಮ ಸ್ವಾಗತ ಭಾಷಣದವರು ಗೌರವ ಇನ್ನೂ ಸ್ವಲ್ಪ ಜಾಸ್ತಿ ಇರ್ಲಿ ಅಂತ 'ತಾಯಿಯವರು' ಅಂದ್ಬಿಟ್ರು! ಪಾಪ ಆ ಹೆಣ್ಮಗಳಿಗೆ ನಲವತ್ತೂ ಆಗಿರ್ಲಿಲ್ಲ, ಕನ್ನಡ ಗೊತ್ತಿರ್ಲಿಲ್ಲ ಸದ್ಯ, ಕೈ ಮುಗಿದು ನಕ್ರು.

ಬಿರುದುಗಳ ವಿಷಯಕ್ಕೆ ಬಂದ್ರೆ ನಂಗೆ ಸ್ವಲ್ಪ ಸಿಟ್ಟೇ ಬರುತ್ತೆ. 'ಪದ್ಮಶ್ರೀ' ಇಂಥವರು ಅಂತ ಹೆಸರಿನ ಮುಂದೆ ಅಂಟಿಸ್ತೀವಲ್ಲ, ಅದು ಸರಿಯಲ್ಲ. ಸಂವಿಧಾನದ 18ನೇ ವಿಧಿ ಬಿರುದುಗಳನ್ನೇ ತೆಗೆದುಹಾಕಿದೆ. ಪದ್ಮ ಪ್ರಶಸ್ತಿ ಶುರುವಾಗಿದ್ದು 1954ರಲ್ಲಿ, 1977ರಲ್ಲಿ ಜನತಾ ಸರ್ಕಾರ ನಿಲ್ಲಿಸ್ತು, 1980ರಲ್ಲಿ ಮತ್ತೆ ಬಂತು, ಆಮೇಲೆ 1995ರಲ್ಲಿ ಸುಪ್ರೀಂ ಕೋರ್ಟ್ ಇವು ಬಿರುದಲ್ಲ, ಹಾಗಾಗಿ ಹೆಸರಿನ ಹಿಂದೆಮುಂದೆ ಹಾಕ್ಕೊಳ್ಳೋ ಹಾಗಿಲ್ಲ ಅಂತ ಸ್ಪಷ್ಟವಾಗೇ ಹೇಳ್ತು. ಪರಿಚಯ ಮಾಡ್ವಾಗ 'ಪದ್ಮಶ್ರೀ ಪುರಸ್ಕೃತರು' ಅನ್ನಿ, ಅಡ್ಡಿಯಿಲ್ಲ. ಗೌರವ ಡಾಕ್ಟರೇಟ್ ಬಂದವರೂ ಹೆಸರಿನ ಮುಂದೆ ಡಾ. ಹಾಕ್ದೇ ಇರೋದೇ ಸಂಪ್ರದಾಯ. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಕೊಟ್ಟ ಮೇಲೆ ಡಾ. ರಾಜ್‌ಕುಮಾರ್ ಅಂತ್ಲೇ ಕರೆದ್ವಲ್ಲ ಅಂತೀರಾ? ಅಣ್ಣಾವ್ರ ಲೆಕ್ಕ ಬೇರೆ ಬಿಡಿ, ಅದು ಜನ ಇಟ್ಕೊಂಡಿದ್ದು.

ರಾಷ್ಟ್ರಪತಿ, ರಾಜ್ಯಪಾಲರಿಗೆ 'ಮಹಾಮಹಿಮ'ದಂಥವೂ ಬೇಡ, 2012ರಲ್ಲಿ ಪ್ರಣಬ್ ಮುಖರ್ಜಿಯವರೇ ಅದನ್ನ ಕೈಬಿಡಿಸಿದ್ರು. ಮಾನ್ಯ ಅಂದ್ರೆ ಸಾಕು. ವಿದೇಶಿ ಗಣ್ಯರ ಜೊತೆಗಿನ ಸಮಾರಂಭದಲ್ಲಿ ಮಾತ್ರ ಹಳೇ ರೂಢಿ.

ಆಮಂತ್ರಣ ಪತ್ರಿಕೆ ಇದೆಯಲ್ಲ, ಅದನ್ನ ಎರಡು ಜನ ಓದ್ಲೇಬೇಕು. ಇಲ್ಲಿನ ಪ್ರೆಸ್ಸಲ್ಲಿ ಕನ್ನಡ ಬರದ ಹುಡುಗ ಅಕ್ಷರದ ಆಕಾರ ನೋಡ್ಕೊಂಡು ಟೈಪ್ ಮಾಡ್ತಾನೆ. ಒಂದ್ಸಲ ಡಾ. ಇರ್ಬೇಕಾದಲ್ಲಿ ದಿ. ಅಂತ ಬಂದು, ಇನ್ನೂರು ಕಾರ್ಡ್ ಹಂಚಿ ಆಗಿತ್ತು, ಸನ್ಮಾನಿತರು ವೇದಿಕೆಗೆ ಬಂದು ಮೈಕ್ ತಗೊಂಡು 'ನಾನು ಇನ್ನೂ ಇದೀನಮ್ಮಾ' ಅಂದ್ರು. ಆ ತಪ್ಪೂ ನಂದೇ, ಪ್ರೂಫ್ ನೋಡಿದ್ದು ನಾನೇ.

ಹೆಣ್ಮಕ್ಕಳಿಗೆ ಸೌ., ಶ್ರೀಮತಿ, ಕುಮಾರಿ ಯಾವ್ದು ಹಾಕೋದು ಅಂತ ಊಹೆ ಮಾಡೋಕೆ ಹೋಗ್ಬೇಡಿ, ಮದುವೆ ಆಗಿದೆಯೋ ಇಲ್ವೋ ಅನ್ನೋದು ಸಭೆಗೆ ಬೇಕಾಗಿಲ್ಲ. ನಾನೀಗ ಅರ್ಧ ಗಂಟೆ ಮುಂಚೆ ಹೋಗಿ ಅತಿಥಿ ಚಹಾ ಕುಡೀತಿರೋವಾಗ ಪಕ್ಕ ಕೂತ್ಕೊಂಡು 'ಹೆಸರು ಹೇಗೆ ಹೇಳ್ಲಿ?' ಅಂತ ಕೇಳಿ, ಅವ್ರು ಹೇಳಿದ್ದನ್ನ ಅಂಗೈ ಮೇಲೇ ಬರ್ಕೋತೀನಿ, ಚೀಟಿ ನಂಬಲ್ಲ.

ಅಷ್ಟಾದ್ರೂ ತಪ್ಪಿದ್ರೆ ಅಲ್ಲೇ ಒಂದ್ಸಲ ಕ್ಷಮಿಸಿ ಅಂದು ಸರಿ ಹೆಸರು ಹೇಳಿ ಮುಂದೆ ಹೋಗಿ, ಹತ್ತು ಸಲ ಕ್ಷಮೆ ಕೇಳಿದ್ರೆ ಊಟದ ಪಂಕ್ತಿಯಲ್ಲೂ ಜನ ಅದನ್ನೇ ಮಾತಾಡ್ತಾರೆ. ನಮಸ್ಕಾರ.