ಅದೇ ಚಿಲ್ರೆ ಕಾಸು: ನಮ್ಮ ಪಿನ್‌ಬಾಲ್ ಶೋ ಬಗ್ಗೆ ನಾಲ್ಕು ಮಾತು
(ಬೇ ಏರಿಯಾ ಕನ್ನಡಿಗರ ಸಭೆಯಲ್ಲಿ ಮಾತಾಡಿದ್ದು)

ಎಲ್ರಿಗೂ ನಮಸ್ಕಾರ. ಅಡುಗೆಮನೆ ಕಡೆಯಿಂದ ಒಗ್ಗರಣೆ ವಾಸನೆ ಆಗ್ಲೇ ಬರ್ತಾ ಇದೆ, ಅದಕ್ಕೇ ನೇರ ವಿಷಯಕ್ಕೆ ಬಂದ್ಬಿಡ್ತೀನಿ. ಈ ಸಲದ ನಮ್ಮ ಚಾರಿಟಿ ಪಿನ್‌ಬಾಲ್ ಶೋಗೆ ಜನ ಬೇಕು. ಪಿನ್‌ಬಾಲ್ ಅಂದ್ರೆ ಕಾಸು ಹಾಕಿ, ಗ್ಲಾಸ್ ಕೆಳಗೆ ಓರೆ ಹಲಗೆ ಮೇಲೆ ಉಕ್ಕಿನ ಗುಂಡು ಓಡ್ಸಿ ಪಾಯಿಂಟ್ ಗಳಿಸೋ ಮೆಷಿನ್ ಆಟ. ಆಡೋಕೆ ಬರೋರ ಬಗ್ಗೆ ಚಿಂತೆ ಇಲ್ಲ, ಅವರು ಬಂದೇ ಬರ್ತಾರೆ. ಮೆಷಿನ್ ಹೊರೋರು, ಫ್ಯೂಸ್ ಬದಲಾಯಿಸೋರು, ಗ್ಲಾಸ್ ಒರೆಸೋರು ಬೇಕು. ಹೋದ ಮೀಟಿಂಗಲ್ಲಿ ಒಬ್ರು ಕೇಳಿದ್ರು, "ಸರ್, ಚಾರಿಟಿ ತಾನೇ, ಎಲ್ಲರೂ ಸೇರಿ ದುಡ್ಡು ಹಾಕಿ ಒಂದು ಚೆಕ್ ಬರ್ದು ಕೊಟ್ರೆ ಆಯ್ತಪ್ಪ, ಇದಕ್ಯಾಕೆ ಇಷ್ಟು ಜನ ಸೊಂಟ ಮುರ್ಕೋಬೇಕು?" ಒಳ್ಳೇ ಪ್ರಶ್ನೇನೇ. ಅವತ್ತು ಟೈಮ್ ಇರ್ಲಿಲ್ಲ, ಇವತ್ತು ಹೇಳ್ತೀನಿ.

ಸ್ವಲ್ಪ ಹಿಂದಕ್ಕೆ ಹೋಗ್ಬೇಕು. 1942, ನ್ಯೂಯಾರ್ಕ್. ಮೇಯರ್ ಲಾಗ್ವಾರ್ಡಿಯಾ, ಹೌದು, ಏರ್‌ಪೋರ್ಟ್‌ಗೆ ಹೆಸರಿಟ್ಟಿದಾರಲ್ಲ ಅವರೇ, ಪಿನ್‌ಬಾಲ್ ಬ್ಯಾನ್ ಮಾಡ್ಸಿದ್ರು. ಇದು ಜೂಜು, ಸ್ಕೂಲ್ ಮಕ್ಕಳು ಊಟಕ್ಕೆ ಅಂತ ತಂದಿರೋ ಚಿಲ್ರೆ ಕಾಸನ್ನ ನುಂಗಿ ಹಾಕ್ತಿದೆ ಅಂತ ಅವರ ವಾದ. ಪೊಲೀಸ್ರು ಮೆಷಿನ್ ಎತ್ಕೊಂಡ್ ಬಂದ್ರು, ಮೇಯರ್ ಸಾಹೇಬ್ರೇ ಸುತ್ತಿಗೆ ಹಿಡಿದು ಒಡೆದ್ರು, ಫೋಟೋ ಇದೆ ನೋಡಿ. ಅವರ ಮಾತಲ್ಲಿ ಒಂದಿಷ್ಟು ನ್ಯಾಯಾನೂ ಇತ್ತು, ಯಾಕಂದ್ರೆ ಆಗಿನ ಮೆಷಿನಲ್ಲಿ ಫ್ಲಿಪ್ಪರೇ, ಅಂದ್ರೆ ಬಟನ್ ಒತ್ತಿ ಗುಂಡನ್ನ ವಾಪಸ್ ಹೊಡೆಯೋ ಪುಟ್ಟ ಕೈಗಳೇ, ಇರ್ಲಿಲ್ಲ, ಗುಂಡು ಬಿಟ್ಟು ಎಲ್ಲಿ ಬೀಳತ್ತೋ ಅಂತ ನೋಡ್ತಾ ನಿಲ್ಲೋದು, ಹೆಚ್ಚಂದ್ರೆ ಮೆಷಿನನ್ನ ಸ್ವಲ್ಪ ಅಲುಗಾಡಿಸೋದು. ಗಾಟ್ಲೀಬ್ ಕಂಪನಿ ಹಂಪ್ಟಿ ಡಂಪ್ಟಿ ಅನ್ನೋ ಮೆಷಿನ್‌ಗೆ ಫ್ಲಿಪ್ಪರ್ ಹಾಕಿದ್ದು 1947ರಲ್ಲಿ. ಅಲ್ಲಿಂದ ಆಟ ಆಡೋರ ಕೈಗೆ ಬಂತು. ಆದ್ರೂ ಬ್ಯಾನ್ ಮಾತ್ರ ಹಾಗೇ ಉಳ್ಕೊಂಡ್ತು.

ಈಗ 1976ಕ್ಕೆ ಬನ್ನಿ. ಈ ಕತೆ ನಾನು ಎಲ್ಲಾ ಕಡೆ ಹೇಳ್ತೀನಿ, ಇಲ್ಲಿ ಕೆಲವ್ರು ಮೊದ್ಲೇ ಕೇಳಿರ್ತೀರ, ಇನ್ನೊಂದ್ಸಲ ಕೇಳಿ ಪರ್ವಾಗಿಲ್ಲ. ರೋಜರ್ ಶಾರ್ಪ್ ಅಂತ ಇನ್ನೂ ಮೂವತ್ತು ತುಂಬದ ಪತ್ರಕರ್ತ. ಇದು ಅದೃಷ್ಟದ ಆಟ ಅಲ್ಲ, ಕೈಚಳಕದ ಆಟ ಅಂತ ಸಿಟಿ ಕೌನ್ಸಿಲ್ ಮುಂದೆ ತೋರಿಸೋ ಜವಾಬ್ದಾರಿ ಇವರ ಮೇಲೆ ಬಿತ್ತು. ಎರಡು ಮೆಷಿನ್ ತಂದಿಟ್ಟಿದ್ರು, ಒಂದು ಕೆಟ್ರೆ ಇರ್ಲಿ ಅಂತ ಇನ್ನೊಂದು. ಇವರು ಮೊದಲನೇದರ ಹತ್ರ ಹೋದ್ರೆ ಒಬ್ಬ ಕೌನ್ಸಿಲರ್‌ಗೆ ಡೌಟ್ ಬಂತು, ಇದರಲ್ಲಿ ಏನೋ ಮಸಲತ್ತು ಮಾಡಿದ್ದಾರೆ, ಅದು ಬೇಡ, ಆ ಎರಡನೇದರಲ್ಲಿ ಆಡಿ ಅಂದ್ರು. ಆ ಮೆಷಿನ್ ಇವರಿಗೆ ಅಷ್ಟು ಪಳಗಿರ್ಲಿಲ್ಲ! ಸುತ್ತ ಕ್ಯಾಮೆರಾ, ಕತ್ತು ಚಾಚ್ಕೊಂಡು ನೋಡ್ತಿರೋ ಜನ. ಆಡಿದ್ರು, ಚೆನ್ನಾಗೇ ಆಡಿದ್ರು, ಆದ್ರೂ ಎದುರಿಗಿರೋರ ಮುಖದಲ್ಲಿ ನಂಬಿಕೆ ಇಲ್ಲ. ಆಗ ಪ್ಲಂಜರ್, ಅಂದ್ರೆ ಗುಂಡು ಚಿಮ್ಮಿಸೋ ಸ್ಪ್ರಿಂಗ್ ಹಿಡಿ, ಅದರ ಮೇಲೆ ಕೈ ಇಟ್ಟು ಹೇಳಿದ್ರು, ಸರಿಯಾಗಿ ಎಳೆದು ಬಿಟ್ರೆ ಗುಂಡು ಮೇಲೆ ಹೋಗಿ ನಡುವಿನ ಲೇನಲ್ಲೇ ಇಳಿಯತ್ತೆ, ನೋಡಿ ಅಂತ. ಎಳೆದ್ರು, ಬಿಟ್ರು, ಅಲ್ಲೇ ಇಳೀತು! ಅಷ್ಟೇ, ನ್ಯೂಯಾರ್ಕಲ್ಲಿ ಮೂರು ದಶಕ ದಾಟಿದ್ದ ಬ್ಯಾನ್ ಹೋಯ್ತು. ಅದರಲ್ಲಿ ಅದೃಷ್ಟಾನೂ ಇತ್ತು ಅಂತ ಆಮೇಲೆ ಅವರೇ ಒಪ್ಕೊಂಡಿದ್ದಾರೆ, ನನಗೆ ಅವರ ಮೇಲೆ ಗೌರವ ಇನ್ನೂ ಜಾಸ್ತಿ ಆಯ್ತು.

ನ್ಯೂಯಾರ್ಕ್ ಎಲ್ಲೋ ದೂರದ ಮಾತು ಅನ್ಬೇಡಿ. ಇಲ್ಲೇ ನಮ್ಮ ಓಕ್ಲ್ಯಾಂಡಲ್ಲಿ ಕಾನೂನು ಪುಸ್ತಕದಲ್ಲಿದ್ದ ಪಿನ್‌ಬಾಲ್ ಬ್ಯಾನ್ ತೆಗ್ದಿದ್ದು 2014ರಲ್ಲಿ. ಪಕ್ಕದ ಅಲಮೀಡಾದಲ್ಲಿ ಪೆಸಿಫಿಕ್ ಪಿನ್‌ಬಾಲ್ ಮ್ಯೂಸಿಯಂ ಇದೆ, ಲಾಭಕ್ಕಲ್ಲ ಅಂತಾನೇ ನಡೆಯೋದು, ಒಂದ್ಸಲ ಟಿಕೆಟ್ ತಗೊಂಡ್ರೆ ಹಳೇ ಮೆಷಿನ್‌ಗಳಲ್ಲಿ ಎಷ್ಟು ಬೇಕಾದ್ರೂ ಆಡಿ. ಹೋಗಿಲ್ಲ ಅಂದ್ರೆ ಮಕ್ಕಳನ್ನ ಕರ್ಕೊಂಡು ಹೋಗಿ ದಯವಿಟ್ಟು.

ಈಗ ನನ್ನ ಮಾತಿಗೆ ಬರ್ತೀನಿ. ಮಕ್ಕಳ ಊಟದ ಕಾಸು ತಿನ್ನತ್ತೆ ಅಂತ ಒಡೆಸ್ಕೊಂಡ ಮೆಷಿನ್, ಇವತ್ತು ಅದೇ ಚಿಲ್ರೆ ಕಾಸನ್ನ ಎತ್ತಿ ಕಷ್ಟದಲ್ಲಿರೋರಿಗೆ ಕೊಡ್ತಾ ಇದೆ. ಲಾಸ್ ವೇಗಸ್‌ನ ಟಿಮ್ ಆರ್ನಾಲ್ಡ್ ನೋಡಿ, ಮಿಶಿಗನ್‌ನಲ್ಲಿ ಆರ್ಕೇಡ್ ನಡೆಸ್ತಿದ್ದ ಮನುಷ್ಯ, ರಾಶಿ ರಾಶಿ ಮೆಷಿನ್ ಹೊತ್ಕೊಂಡು ವೇಗಸ್‌ಗೆ ಬಂದ್ರು, ಮನೇಲೇ ಜನರನ್ನ ಕರೆದು ಆಡ್ಸಿ ದುಡ್ಡು ಎತ್ತಿ ಸಾಲ್ವೇಶನ್ ಆರ್ಮಿ ಅನ್ನೋ ಸೇವಾ ಸಂಸ್ಥೆಗೆ ಕೊಡ್ತಿದ್ರು. 2006ರಲ್ಲಿ ಪಿನ್‌ಬಾಲ್ ಹಾಲ್ ಆಫ್ ಫೇಮ್ ಅಂತ ತೆರೆದ್ರು, ಅಲ್ಲೂ ವಾಲಂಟಿಯರ್‌ಗಳೇ, ಕ್ವಾರ್ಟರ್ ನಾಣ್ಯ ಹಾಕಿ ಆಡೋದು, ಖರ್ಚು ಕಳೆದು ಉಳಿದಿದ್ದು ಚಾರಿಟಿಗೆ. ಪ್ರಾಜೆಕ್ಟ್ ಪಿನ್‌ಬಾಲ್ ಅಂತ ಇನ್ನೊಂದು ಸಂಸ್ಥೆ ಮಕ್ಕಳ ಆಸ್ಪತ್ರೆಗಳಲ್ಲೇ ಮೆಷಿನ್ ಇಟ್ಟು ನೋಡ್ಕೊಳ್ಳತ್ತೆ. ಚೆಕ್ ಬರ್ದ್ರೆ ದುಡ್ಡು ಹೋಗತ್ತೆ, ನಿಜ. ಆದ್ರೆ ಮೆಷಿನ್ ಆನ್ ಇರ್ಬೇಕಲ್ಲ, ಅದನ್ನ ಆನ್ ಇಡೋ ಕೈ ಎಲ್ಲಿಂದ ಬರತ್ತೆ?

ಆ ಕೈ ತಯಾರಾಗೋದೇ ಶೋನಲ್ಲಿ, ಹಳೇ ಪಾರ್ಟ್ ಮಾರಿ ಕೊಳ್ಳೋ ಸ್ವಾಪ್ ಮೀಟಲ್ಲಿ. ಬೆಳಗ್ಗೆ ಇನ್ನೂ ಕತ್ತಲಿರೋವಾಗ್ಲೇ ಪಾರ್ಕಿಂಗ್ ಲಾಟಲ್ಲಿ ಟಾರ್ಚ್ ಹಿಡ್ಕೊಂಡು ಜನ ಓಡಾಡ್ತಿರ್ತಾರೆ, ಡಿಕ್ಕಿ ತೆಗೆದಿರತ್ತೆ, ಕಾಯಿಲ್‌ಗಳು, ರಬ್ಬರ್ ರಿಂಗ್, ಮೆಷಿನ್ ಹಿಂದೆ ನಿಲ್ಲೋ ಚಿತ್ರದ ಗಾಜು, ಅಂದ್ರೆ ಬಣ್ಣ ಚಕ್ಕೆ ಎದ್ದಿರೋ ಬ್ಯಾಕ್‌ಗ್ಲಾಸ್, ಯಾವುದೋ ಮೆಷಿನ್‌ನ ಒಂದೇ ಒಂದು ಕಾಲು. ವಿಲಿಯಮ್ಸ್‌ನಂಥ ಕಂಪನಿ 1999ರಲ್ಲೇ ಪಿನ್‌ಬಾಲ್ ಮಾಡೋದು ನಿಲ್ಲಿಸ್ತು, ಎಷ್ಟೋ ಹಳೇ ಪಾರ್ಟ್ ಇಂಥಾ ಕಡೆನೇ ಹುಡುಕ್ಬೇಕು. ಹೋದ ವರ್ಷ ನಮ್ಮ ಹುಡುಗಿ ಒಬ್ಬಳು, ಹೈಸ್ಕೂಲು, ಹಠ ಹಿಡಿದು ಒಂದು ಮೆಷಿನ್ ಮುಂದೆ ನಿಂತಿದ್ಲು, ಒಂದು ಟಾರ್ಗೆಟ್‌ಗೆ ಗುಂಡು ಬಡಿದ್ರೂ ಪಾಯಿಂಟ್ ಬರ್ತಿರ್ಲಿಲ್ಲ. ಕೈಲಿ ಫೈಲ್, ಅಂದ್ರೆ ಅರ, ಹಿಡ್ಕೊಂಡು ಆ ಟಾರ್ಗೆಟ್‌ನ ಸ್ವಿಚ್ ಉಜ್ಜೋಕೆ ಹೊರಟಿದ್ಲು. ಪಕ್ಕದ ಟೇಬಲ್ ಅಜ್ಜ ಓಡಿ ಬಂದು ತಡೆದ್ರು, ಹಳೇ ಕಾಲದ್ದಕ್ಕೆ ಫೈಲ್ ಸರಿ, ಇದು ಚಿನ್ನದ ಲೇಪ ಇರೋ ಕಾಂಟ್ಯಾಕ್ಟು, ಉಜ್ಜಿದ್ರೆ ಲೇಪ ಹೋಗತ್ತೆ ಅಂತ. ಜೇಬಿಂದ ವಿಸಿಟಿಂಗ್ ಕಾರ್ಡ್ ತೆಗೆದು ಸ್ವಿಚ್‌ನ ಎರಡು ಲೋಹದ ಪತ್ತಿ ಮಧ್ಯೆ ಇಟ್ಟು, ಮೆಲ್ಲಗೆ ಒತ್ತಿ ಹಿಡಿದು ಕಾರ್ಡ್ ಎಳ್ಕೊಂಡ್ರು, ಕಾರ್ಡ್ ಮೇಲೆ ಕಪ್ಪು ಗೆರೆ. ಇನ್ನೊಂದ್ಸಲ ಎಳೆದ್ರು, ಗೆರೆ ತೆಳುವಾಯ್ತು. ಗುಂಡು ಬಿಟ್ಟು ನೋಡಿದ್ರೆ ಪಾಯಿಂಟ್ ಬಂತು. ಅವಳು ಆ ಕಾರ್ಡನ್ನೇ ಇಸ್ಕೊಂಡು ಇಡೀ ದಿನ ಸಾಲಲ್ಲಿದ್ದ ಎಲ್ಲಾ ಮೆಷಿನ್ ನೋಡ್ಕೊಂಡ್ಲು. ಇದನ್ನ ಯಾವ ಚೆಕ್ ಕಲಿಸತ್ತೆ ಹೇಳಿ?

ಐದು ನಿಮಿಷ ಅಂತ ಚೀಟಿ ಬಂತು. ಸರಿ. ಇನ್ಶೂರೆನ್ಸ್ ವಿಷಯ ಕಮಿಟಿಯವರು ಮೇಲ್ ಮಾಡ್ತಾರೆ. ಪುಟ್ಟ ಮಕ್ಕಳಿಗೆ ಸ್ಟೂಲ್ ಬೇಕು, ಮನೇಲಿರೋದು ತನ್ನಿ. ಟಿಲ್ಟ್ ಆದ್ರೆ, ಅಂದ್ರೆ ಜಾಸ್ತಿ ಅಲುಗಾಡ್ಸಿ ಆಟ ನಿಂತ್ರೆ, ಮಕ್ಕಳನ್ನ ಬೈಬೇಡಿ, ಒಳಗೆ ತೂಗಾಡೋ ಲೋಲಕ ತೋರ್ಸಿ, ಖುಷಿ ಪಡ್ತಾರೆ. ಸ್ವಾಪ್ ಟೇಬಲ್ ಬಾಡಿಗೆ ಪೂರ್ತಿ ಮಕ್ಕಳ ಆಸ್ಪತ್ರೆಗೆ, ಅದರಲ್ಲಿ ಡಿಸ್ಕೌಂಟ್ ಕೇಳ್ಬೇಡಿ, ಅದೇ ಚಿಲ್ರೆ ಕಾಸು ಅಂತ ಆಗ್ಲೇ ಹೇಳಿದ್ನಲ್ಲ.

ಒಂದೊಂದು ಮೆಷಿನ್ ನೂರು ಕೆಜಿ ಮೇಲೆ ತೂಗತ್ತೆ. ಎತ್ತೋ ಮುಂಚೆ ಒಳಗಿನ ಗುಂಡುಗಳನ್ನ ತೆಗೀರಿ, ಹಿಂದೆ ಎದ್ದು ನಿಂತಿರೋ ಪೆಟ್ಟಿಗೆ, ಅಂದ್ರೆ ಬ್ಯಾಕ್‌ಬಾಕ್ಸ್, ಮಡಚಿ ಬೆಲ್ಟ್ ಹಾಕಿ, ಆಮೇಲೆ ಕಾಲು ಬಿಚ್ಚಿ. ಪಿಕಪ್ ಟ್ರಕ್ ಇರೋರು ಊಟಕ್ಕೆ ಹೋಗೋ ಮುಂಚೆ ಬಾಗಿಲ ಹತ್ರ ಹೆಸರು ಬರೆಸಿ, ಶುಕ್ರವಾರ ಮಧ್ಯಾಹ್ನವೇ ಲೋಡ್ ಮಾಡ್ಬೇಕು.